ಮೂರನೆಯ ಗುಂಡು

"ಸೈರನ್ನಿಗೆ ಈ ಫಂಡಲ್ಲಿ ದುಡ್ಡಿಲ್ಲ, ಟ್ರೈನಿಂಗಿಗೆ ಮಾತ್ರ," ಎಂದರು ವಿಪತ್ತು ತರಬೇತಿ ಕೊಡಲು ಬಂದಿದ್ದ ಉಷಾರಾಣಿ. "ನಿಮ್ಮಲ್ಲಿ ಮನೆಮನೆಗೂ ಕೋವಿ ಇದೆಯಲ್ಲ. ಬೆಳ್ಳಿಯಪ್ಪನವರ ಮನೆ ಗುಡ್ಡದ ಬುಡದಲ್ಲೇ ಇದೆ. ಮಳೇಲಿ ಅಲ್ಲಿ ಬಿರುಕು ಕಂಡ ಕೂಡ್ಲೇ ಅವರು ಎರಡು ಗುಂಡು ಹಾರಿಸ್ಲಿ, ಎಲ್ರೂ ಶಾಲೆಗೆ ಓಡಿ."

ಬೆಳ್ಳಿಯಪ್ಪನ ಪಕ್ಕ ಕೂತಿದ್ದ ಕುಟ್ಟಪ್ಪನಿಗೆ ನಗು ತಡೆಯಲಿಲ್ಲ. "ಎರಡು ಹೊಡೆದ್ರೆ ನಮ್ಮಲ್ಲಿ ಸಾವಿನ ಸುದ್ದಿ ಮೇಡಂ. ಎಲ್ರೂ ಬಿಳಿ ಉಟ್ಕೊಂಡು ಇವರ ಮನೆಗೇ ಬರ್ತಾರೆ, ಅಷ್ಟೆ."

ಕೊಡಗಿನ ಕಕ್ಕಬೆಯ ಆ ಸಭೆಗೆ ಸಭೆಯೇ ನಕ್ಕಿತು. "ಟ್ರೈನಿಂಗ್ ಕೊಟ್ಮೇಲೆ ಯಾರೂ ಹಾಗೆ ಬರಲ್ಲ ಬಿಡಿ. ದುಡ್ಡು ಕೊಡೋರಿಗೆ ಪ್ಲಾನ್ ಕಳಿಸಿಯೂ ಆಯ್ತು," ಎಂದು ಉಷಾರಾಣಿಯೂ ನಕ್ಕರು.

ಆರು ಮಳೆಗಾಲ ಕಳೆದರೂ ಆ ಎರಡು ಗುಂಡಿನ ಸದ್ದು ಬೆಳ್ಳಿಯಪ್ಪನ ಕಿವಿ ಬಿಟ್ಟಿರಲಿಲ್ಲ. ಅಂದು ಮನೆಯ ಹಿಂದೆ ಗುಡ್ಡ ಬಿರಿದಾಗ ಫೋನು ಸತ್ತಿತ್ತು. ತೊರೆಯಾಚೆಯ ನಾಣಯ್ಯನನ್ನು ಎಚ್ಚರಿಸಲು ಜೋಡುನಳಿಗೆ ಕೋವಿ ಹಿಡಿದು ಅಂಗಳಕ್ಕೆ ಓಡಿದ್ದ. ಎರಡು ಹಾರಿದವು. ಇನ್ನೂ ಹೊಡೆಯೋಣವೆಂದರೆ ಉಳಿದ ತೋಟಾಗಳು ನೆನೆದಿದ್ದವು. ಮಳೆಯ ಅಬ್ಬರದಲ್ಲಿ ಅದು ಕೇಳಿಸಿದ್ದು ನಾಣಯ್ಯನ ಮನೆಯೊಂದಕ್ಕೇ.

ಎರಡು ಮನೆಗಳ ನಡುವಿನ ದಾರಿಯಲ್ಲಿ, ಕುಸಿದ ಮಣ್ಣಿನಡಿ ನಾಣಯ್ಯನ ಹೆಣ ಸಿಕ್ಕಿತು. ಅಂಥ ಮಳೆಯಲ್ಲಿ ತೋಟಕ್ಕೆ ಹೊರಟಿದ್ದರೆ ಬಿಳಿ ಬಟ್ಟೆ ಏಕೆ ಉಟ್ಟಿದ್ದನೆಂದು ಊರಿಗೆ ಇಂದಿಗೂ ಬಗೆಹರಿದಿಲ್ಲ. ಆ ದಿನ ವಿರಾಜಪೇಟೆಯಲ್ಲಿದ್ದ ಅವನ ಹೆಂಡತಿ ತಂಗಮ್ಮ ಈಗ ಮುಂದಿನ ಸಾಲಿನಲ್ಲಿ ಕೂತಿದ್ದಳು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯದು. ಆದರೆ ಬರುವ ಮಳೆಗೆ ಇನ್ನೊಬ್ಬ ಹಾಗೇ ಹೊರಟು ಬಂದರೆ?

"ಬರ್ತಾರೆ ಮೇಡಂ," ಎಂದು ಬೆಳ್ಳಿಯಪ್ಪ ಎದ್ದು ನಿಂತ. "ಒಬ್ಬ ಬಂದಿದ್ದ."

ನಗು ನಿಂತಿತು. ತಂಗಮ್ಮ ಮೆಲ್ಲಗೆ ಹಿಂತಿರುಗಿ ನೋಡಿದಳು. ಕೇಳಿದಳು: "ಯಾರು ತೀರಿಹೋದ್ರು ಅಂದ್ಕೊಂಡು ಹೊರಟಿರ್ಬೇಕು ಅವ್ರು, ಬೆಳ್ಳಿಯಪ್ಪಣ್ಣ?"

"ನಮ್ಮ ಅವ್ವ ಅಂತ ಕಾಣುತ್ತೆ."

ಅವ್ವನಿಗೆ ಈಗ ತೊಂಬತ್ತು. ಬೆಳಿಗ್ಗೆಯೂ ಮಗನ ಜೊತೆ ಕಾಫಿ ಕುಡಿದಿದ್ದಳು.

ಉಷಾರಾಣಿ ಕಾಗದದಲ್ಲಿ ಎರಡನ್ನು ಹೊಡೆದುಹಾಕಿ ಮೂರು ಎಂದು ಬರೆದರು. ಮೂರು ಕೇಳಿದರೆ ಮಾತ್ರ ಶಾಲೆಗೆ ಓಡಬೇಕು ಎಂದಾಯಿತು.

ಮಧ್ಯಾಹ್ನದ ಅಭ್ಯಾಸಕ್ಕೆ ಅದೇ ಅಂಗಳದಲ್ಲಿ ನಿಂತು ಬೆಳ್ಳಿಯಪ್ಪ ಒಂದು ಹಾರಿಸಿದ. ಎರಡು. ಮೂರನೆಯದಕ್ಕೆ ಕೋವಿ ಮಡಚಿ ತೋಟಾ ತುಂಬಬೇಕು. ಜೇಬಿನಿಂದ ತೋಟಾ ತೆಗೆದ. ತಲೆಯೆತ್ತಿದರೆ, ತೊರೆ ದಾಟಿ ತಂಗಮ್ಮ ಆ ದಾರಿಯಲ್ಲೇ ಬರುತ್ತಿದ್ದಳು. ಅರ್ಧಕ್ಕೆ ಬಂದು ನಿಂತು, ಅವನ ಅಂಗಳದತ್ತ ಮುಖವೆತ್ತಿ, ಇನ್ನೊಂದಕ್ಕೆ ಕಾದಳು.