ಗಿಳಿಗೊಂದು ದಿಂಬು

ಜೇವರ್ಗಿಯ ಬಡಿಗ ಮೌಲಾಲಿಗೆ ಆ ಹೊಸ ವೈಸನ್ನು, ಆ ತಿರುಪಿನ ಇಕ್ಕಳವನ್ನು, ಎತ್ತಿ ಚರಂಡಿಗೆ ಒಗೆಯಬೇಕೆನಿಸಿತ್ತು. ಎಂಥ ಸೊಟ್ಟ ಸಾಮಾನನ್ನಾದರೂ ಬಿಗಿಯಾಗಿ ಹಿಡಿಯುತ್ತದೆಂದು ಅಂಗಡಿಯವನು ಆಣೆ ಮಾಡಿ ಹೇಳಿದ್ದ. ಇಲ್ಲಿ ನೋಡಿದರೆ, ತೊಟ್ಟಿಲಿಗೆ ಕಟ್ಟುವ ಮರದ ಗಿಳಿಯೊಂದನ್ನು ಹಿಡಿಯಲಾರದು! ಕೊಕ್ಕು ಮುರಿದ ಆ ಗಿಳಿಯ ಹೊಟ್ಟೆ ದುಂಡಗೆ, ಬೆನ್ನು ಓರೆ. ಸಡಿಲ ಬಿಟ್ಟರೆ ಹೊರಳುತ್ತಿತ್ತು, ಬಿಗಿ ಮಾಡಿದರೆ ಪುಟಿದು ಹಾರುತ್ತಿತ್ತು. ಅಂಟು ಹಚ್ಚಿದ ಕೊಕ್ಕು ಅವನ ಹೆಬ್ಬೆರಳಿಗೇ ಅಂಟಿಕೊಂಡಿತು.

“ನಾಳೆ ಮೊಮ್ಮಗನ್ನ ತೊಟ್ಟಿಲಕ್ಕ ಹಾಕೂದದ ಅಣ್ಣಾ,” ಎಂದು ಗಿಳಿ ತಂದಿದ್ದ ತುಳಸಾಬಾಯಿ ಮತ್ತೆ ಹೇಳಿದಳು.

“ನನಗ್ಯಾಕ ಹೇಳ್ತೀರಿ? ನಿಮ್ಮ ಗಿಳಿಗಿ ಹೇಳ್ರಿ!”

ಸಿಟ್ಟಿನಲ್ಲಿ ಮನೆಯೊಳಗೆ ಹೋದವನ ಕಣ್ಣಿಗೆ ತನ್ನ ಮೊಮ್ಮಗಳ ಸಾಸಿವೆ ದಿಂಬು ಬಿತ್ತು. ಕೂಸಿನ ತಲೆ ದುಂಡಗಾಗಲೆಂದು ಹೆಂಡತಿ ಶಾಹೀನ ಸಾಸಿವೆ ತುಂಬಿ ಹೊಲಿದದ್ದು. ಮಲಗಿದ್ದ ಕೂಸಿನ ತಲೆಯಡಿಯಿಂದ ಮೆಲ್ಲಗೆ ಎಳೆದು ತಂದು, ಗಿಳಿಗೆ ಸುತ್ತಿ, ವೈಸಿಗೆ ಕೊಟ್ಟು ತಿರುಗಿಸಿದ. ಸಾಸಿವೆ ಗಿಳಿಯ ಮೈಗೆ ತಕ್ಕಂತೆ ಸರಿದು ಕೂತಿತು. ಗಿಳಿ ಮಿಸುಕಲಿಲ್ಲ. ಹೆಬ್ಬೆರಳಿನಿಂದ ಕೊಕ್ಕು ಬಿಡಿಸಿ ಕೂರಿಸಿದ.

ಒಳಗೆ ಕೂಸು ಕಿಟಾರನೆ ಚೀರಿತು.

“ದಿಂಬು ಎಲ್ಲದರಿ?” ಶಾಹೀನ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಳು.

“ಅಂಟು ಒಣಗಬೇಕು. ಮುಂಜಾನಿ ಕೊಡ್ತೇನಿ.”

ಅವಳು ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಕೂಸಿನ ತಲೆಯನ್ನು ಅವನ ಅಂಗೈಯಲ್ಲಿಟ್ಟಳು.

“ಮುಂಜಾನಿತನಕ ಅಳ್ಳಾಡಬ್ಯಾಡ್ರಿ.”