ಗಿರ್ಮಿಟ್‌ನ ಹರಿದ ಬಾಲ

1

ಈ ಕಥೆಯನ್ನು ತಲೆಯಿಂದ ಶುರುಮಾಡಬೇಕೋ ಬಾಲದಿಂದಲೋ ಎಂದು ಯೋಚಿಸುತ್ತ ಕೂತೆ, ಚಹಾ ಆರಿಹೋಯಿತು. ತಲೆಯಿಂದ ಶುರುಮಾಡಿದರೆ ಎಲ್ಲವೂ ಸರಿಯಾಗಿದೆ: ಕಿತ್ತಳೆ ಮೈ, ಬಿಳಿ ಪಟ್ಟೆ, ಗುಂಡು ಕಣ್ಣು, ಏನೋ ಕೇಳಲು ಹೊರಟು ಮರೆತಂತಿರುವ ಬಾಯಿ. ಬಾಲಕ್ಕೆ ಬಂದಾಗ ಹೆದರಿಕೆ ಹುಟ್ಟುತ್ತದೆ. ಹಾಗಾಗಿ ಬಾಲವೇ ಸರಿ. (ಹೆದರಿಕೆ ಇಲ್ಲದ ಕಡೆ ನನಗೆ ಬರೆಯಲು ಏನೂ ಸಿಗುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.)

ಗಿರ್ಮಿಟ್‌ನ ಬಾಲ ಹರಿದಿದೆ.

ಗಿರ್ಮಿಟ್ ಎಂದರೆ ಉಪ್ಪುನೀರಿನ ಒಂದು ಕ್ಲೌನ್ ಮೀನು, ಹೆಬ್ಬೆರಳಿನಷ್ಟು ಉದ್ದ. ಶಿಕಾಗೋದ ಪಶ್ಚಿಮಕ್ಕೆ, ವೆಸ್ಟ್‌ಮಂಟ್‌ನ ಮನೆಯೊಂದರ ಬೇಸ್‌ಮೆಂಟಿನಲ್ಲಿ, ಗಾಜಿನ ಟ್ಯಾಂಕಿನಲ್ಲಿ ವಾಸ. ಜೊತೆಗೆ ಮಿರ್ಚಿ ಎಂಬ ಹೆಣ್ಣು, ಅವನ ಎರಡರಷ್ಟು ದೊಡ್ಡವಳು. ಹೆಸರಿಟ್ಟವಳು ಅಕ್ಷರಾ. ಚಿಕ್ಕವಳಿದ್ದಾಗ ಹುಬ್ಬಳ್ಳಿಗೆ ಹೋದರೆ ಅವಳು ಖುಷಿಯಿಂದ ತಿನ್ನುತ್ತಿದ್ದದ್ದು ಚುರುಮುರಿಯ ಗಿರ್ಮಿಟ್, ಜೊತೆಗೆ ಮಿರ್ಚಿ ಭಜಿ, ಅವೆರಡೇ. ಈಗ ಅವಳು ಡೆಟ್ರಾಯಿಟ್ ಕಡೆ, ಪ್ಲಿಮತ್‌ನಲ್ಲಿ, ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಇಂಜಿನಿಯರ್. ಮೀನುಗಳು ಅಮ್ಮನ ಸುಪರ್ದಿಗೆ ಬಂದಿವೆ.

ಅಮ್ಮನ ಹೆಸರು ನೀಲಾಂಬಿಕಾ. ಇದು ಅವಳ ಕಥೆ.

2

ಮೊದಲ ಕರಡಿನಲ್ಲಿ ಅವಳನ್ನು ಶಾಲೆಯ ಟೀಚರ್ ಮಾಡಿದ್ದೆ. ಮಾತು ಜಾಸ್ತಿಯಾಯಿತು, ಹರಿದುಹಾಕಿದೆ. ಎರಡನೆಯದರಲ್ಲಿ ಅವಳು ರೇಡಿಯಾಲಜಿಸ್ಟ್. ಮನೆಯ ಬೇಸ್‌ಮೆಂಟಿನಲ್ಲೇ ಕೂತು ಯಾರ್ಯಾರದೋ ಶ್ವಾಸಕೋಶ, ಯಾರ್ಯಾರದೋ ಬೆನ್ನುಮೂಳೆ ನೋಡುತ್ತಾಳೆ. ಹಗಲಲ್ಲೂ ಅಲ್ಲಿ ದೀಪ ಹಾಕುವಂತಿಲ್ಲ. ಆ ಕತ್ತಲಲ್ಲಿ ಎರಡೇ ಬೆಳಕಿನ ಚೌಕಗಳು, ಎದುರಿಗೆ ಸ್ಕ್ಯಾನ್ ತೋರಿಸುವ ಪರದೆ, ಎಡಕ್ಕೆ ಮೀನಿನ ಟ್ಯಾಂಕ್. ಅವಳ ಕೆಲಸವೆಂದರೆ ಅಂಚು ನೋಡುವುದು. ಅಂಚು ಸ್ಪಷ್ಟವೋ, ಮಸುಕೋ, ಹರಡುತ್ತಿದೆಯೋ. ವರದಿಯ ಕೊನೆಗೆ ಅವಳು ಮತ್ತೆ ಮತ್ತೆ ಬರೆಯುವ ಮಾತು ಒಂದಿದೆ: ‘ಸಾಧ್ಯತೆಯನ್ನು ತಳ್ಳಿಹಾಕಲಾಗದು.’

ಈ ಮಾತನ್ನು ಆಸ್ಪತ್ರೆಯಲ್ಲೇ ಬಿಟ್ಟುಬರುವ ವಿದ್ಯೆ ಅವಳಿಗೆ ಬರಲಿಲ್ಲ. ಆಸ್ಪತ್ರೆಯೇ ಮನೆಯ ಕೆಳಗಿದ್ದರೆ ಬಿಟ್ಟುಬರುವುದಾದರೂ ಎಲ್ಲಿಗೆ?

(ಗಂಡ ಶಶಿಧರನನ್ನು ಕೆಲಸದ ಮೇಲೆ ಟೆಕ್ಸಾಸಿಗೆ ಕಳಿಸಿದ್ದೇನೆ. ಅವನಿದ್ದರೆ ‘ಏನೂ ಆಗಲ್ಲ ಬಿಡು’ ಎಂದುಬಿಡುತ್ತಾನೆ, ಕಥೆ ಅಲ್ಲೇ ಮುಗಿಯುತ್ತದೆ. ಅವನ ತಾಯಿ ಜಯದೇವಿಯನ್ನು ಮಾತ್ರ ಬಾಗಲಕೋಟೆಯಿಂದ ಕರೆಸಿಕೊಂಡಿದ್ದೇನೆ. ಅವರು ಮೇಲೆ ಅಡುಗೆಮನೆಯಲ್ಲಿದ್ದಾರೆ. ಅಗತ್ಯ ಬಿದ್ದಾಗ ಕರೆಯೋಣ.)

2 (ಇನ್ನೊಮ್ಮೆ)

ಮೀನಿನ ಬಾಲ ಹರಿದರೆ ಇಷ್ಟೊಂದು ಭಯ ಯಾಕೆ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಗುಟ್ಟು ಕಾಯುವ ಕಥೆ ಇದಲ್ಲ.

ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅಕ್ಷರಾ ಫೋನ್ ಎತ್ತಲಿಲ್ಲ. ಅವಳ ಫೋನು ಎಲ್ಲಿದೆಯೆಂದು ತೋರಿಸುವ ನೀಲಿ ಚುಕ್ಕಿ ನೀಲಾಂಬಿಕಾಳ ಮೊಬೈಲಿನಲ್ಲಿ ಸದಾ ಇರುತ್ತಿತ್ತು. ಅದು ಪ್ಲಿಮತ್‌ನ ಅಪಾರ್ಟ್‌ಮೆಂಟಿನಲ್ಲೇ ಇತ್ತು, ಅಲುಗಾಡಲಿಲ್ಲ. ಮತ್ತೆ ಕಾಲ್ ಮಾಡಿದಳು, ಮತ್ತೆ ಮಾಡಿದಳು. ಬಾತ್‌ರೂಮಿನಲ್ಲಿ ಜಾರಿ ಬಿದ್ದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಗ್ಯಾಸ್ ಸೋರಿರುವುದನ್ನು ತಳ್ಳಿಹಾಕಲಾಗದು. ಕೊನೆಗೆ ಪೊಲೀಸರಿಗೆ ಫೋನ್ ಮಾಡಿದಳು. ಅವರು ಹೋಗಿ ಬಾಗಿಲು ಬಡಿದಾಗ ಅಕ್ಷರಾ ಆಫೀಸಿನ ಗೆಳೆಯರಿಗೆ ಅಡುಗೆ ಮಾಡಿ ಬಡಿಸುತ್ತಿದ್ದಳು. ಫೋನು ಕೋಟಿನ ಜೇಬಿನಲ್ಲಿತ್ತು. ಸಮವಸ್ತ್ರದ ಇಬ್ಬರು, ಹೊಸ ಗೆಳೆಯರ ಎದುರು, ‘ಮ್ಯಾಮ್, ಆರ್ ಯು ಸೇಫ್?’ ಎಂದರು.

ಅವತ್ತೇ ಚುಕ್ಕಿ ಆರಿತು. ಆಮೇಲೆ ಮಗಳಿಂದ ಬರುತ್ತಿರುವುದು ಭಾನುವಾರಕ್ಕೊಂದು ಸಾಲು: ‘ಹೌ ಇಸ್ ಗಿರ್ಮಿಟ್?’ ಅಮ್ಮ ಒಂದು ಫೋಟೊ ಕಳಿಸುತ್ತಾಳೆ, ಅದಕ್ಕೊಂದು ಕೆಂಪು ಹೃದಯ ಬೀಳುತ್ತದೆ. ಮುಗಿಯಿತು.

ಗಿರ್ಮಿಟ್ ಸತ್ತರೆ ಭಾನುವಾರವೂ ಸಾಯುತ್ತದೆ. ಗೊತ್ತಾಯಿತಲ್ಲ?

4

(ಮೂರನ್ನು ತೆಗೆದಿದ್ದೇನೆ. ಅದರಲ್ಲಿ ಸಮುದ್ರದ ವರ್ಣನೆಯಿತ್ತು. ವೆಸ್ಟ್‌ಮಂಟಿಗೂ ಸಮುದ್ರಕ್ಕೂ ಏನು ಸಂಬಂಧ?)

ಬಾಲ ಹರಿದದ್ದು ಮೊದಲು ಕಂಡಾಗ ನೀಲಾಂಬಿಕಾ ಎದುರಿನಿಂದ ಫೋಟೊ ತೆಗೆದಳು, ಮುಖ ಮಾತ್ರ ಬರುವಂತೆ. ಕೆಂಪು ಹೃದಯ ಬಿತ್ತು. ಮುಂದಿನ ಭಾನುವಾರಕ್ಕೆ ಬಾಲದ ಕಾಲುಭಾಗ ಇರಲಿಲ್ಲ, ಎದೆಯ ರೆಕ್ಕೆಯೂ ಹಳೆಯ ಬಾವುಟದ ಹಾಗೆ ಚಿಂದಿ ಚಿಂದಿಯಾಗಿತ್ತು. ಮತ್ತೆ ಮುಖದ ಫೋಟೊ. ಮತ್ತೆ ಹೃದಯ.

ಮೀನಿನ ರೆಕ್ಕೆ ಕೊಳೆಯುವ ರೋಗದ ಬಗ್ಗೆ ಅವಳು ಓದಿಕೊಂಡಳು. ಬ್ಯಾಕ್ಟೀರಿಯಾ ಹತ್ತಿದರೆ ಅಂಚಿನಲ್ಲಿ ಹತ್ತಿಯಂಥ ಬಿಳುಪು ಕಟ್ಟುತ್ತದೆ, ಬುಡ ಕೆಂಪಾಗುತ್ತದೆ, ಕೊಳೆತ ಮೈಯತ್ತ ಇಳಿಯುತ್ತದೆ. ಬುಡ ಉಳಿದರೆ ರೆಕ್ಕೆ ಮತ್ತೆ ಬೆಳೆಯುತ್ತದೆ, ಬುಡ ಹೋದರೆ ಇಲ್ಲ. ಗಾಜಿಗೆ ಮೂಗು ಹಚ್ಚಿ ನೋಡಿದಳು. ಬಿಳುಪು ಕಾಣಲಿಲ್ಲ. ಆದರೂ, ತಳ್ಳಿಹಾಕಲಾಗದು. ಆ್ಯಂಟಿಬಯಾಟಿಕ್ ಪುಡಿ ತಂದು ಟ್ಯಾಂಕಿಗೆ ಸುರಿದಳು.

‘ಯಾಕ ಸುರಿಸಿದ್ರಿ ನನ್ನ ಕೈಲೆ?’

ಇದು ನೀಲಾಂಬಿಕಾ, ನನಗೆ ಹೇಳುತ್ತಿರುವುದು. ಕೀಬೋರ್ಡಿನ ಆಚೆ ನಿಂತಿದ್ದಾಳೆ, ಕೈಯಲ್ಲಿ ಖಾಲಿ ಪೊಟ್ಟಣ.

‘ನಾನು ಸುರಿಸಲಿಲ್ಲ. ನೀವು ಹೆದರಿದಿರಿ, ನಾನು ಬರೆದುಕೊಂಡೆ.’

‘ಹೆದರಿಸ್ದವರು ಯಾರು? ಪಾತ್ರಕ್ಕ ಒಂದ್ ಚೂರು ಧೈರ್ಯ ಕೊಟ್ಟಿದ್ರ ನಿಮ್ಮ ಗಂಟು ಹೋಗ್ತಿತ್ತೇನು?’

‘ನನ್ನಲ್ಲಿ ಇದ್ದಿದ್ದರೆ ಕೊಡುತ್ತಿದ್ದೆ.’

ಅವಳು ನನ್ನನ್ನೇ ನೋಡಿದಳು. ನನ್ನ ಅಂಚುಗಳನ್ನು ಪರೀಕ್ಷಿಸಿದ ಹಾಗೆ. ಆಮೇಲೆ ಟ್ಯಾಂಕಿನತ್ತ ತಿರುಗಿ, ‘ನೀರು ಮಬ್ಬಾಗೈತ್ರಿ’ ಎಂದಳು. ದನಿ ಅಷ್ಟರಲ್ಲೇ ನಡುಗುತ್ತಿತ್ತು.

5

ಗುರುವಾರ ಅವಳು ಬಾಲದ ಫೋಟೊ ಕಳಿಸಿದಳು. ಯಾರೂ ಕೇಳಿರಲಿಲ್ಲ. (ನಾನು ಬೇಡವೆಂದಿದ್ದೆ. ಭಾನುವಾರದವರೆಗೆ ಕಾಯಿರಿ, ಅಷ್ಟರಲ್ಲಿ ಏನಾದರೂ ಉಪಾಯ ಬರೆಯುತ್ತೇನೆ ಎಂದಿದ್ದೆ. ಕೇಳಲಿಲ್ಲ.)

ಹೃದಯ ಬೀಳಲಿಲ್ಲ. ಫೋನು ರಿಂಗಾಯಿತು. ಚಳಿಗಾಲದ ನಂತರ ಮೊದಲ ಸಲ.

‘ಅಮ್ಮಾ, ಇದು ಯಾವಾಗಿಂದ?’

‘ಸ್ವಲ್ಪ ದಿನಾತು.’

‘ಸೋ ದಟ್ಸ್ ವೈ, ಓನ್ಲಿ ಹಿಸ್ ಫೇಸ್!’

ನೀಲಾಂಬಿಕಾ ಟ್ಯಾಂಕಿನ ಹತ್ತಿರ ಹೋಗಿ ಬಗ್ಗಿದಳು.

‘ಓಕೆ. ಅಂಚು ನೋಡು. ಬಿಳಿ ಬಿಳಿ ಇದೆಯಾ? ಆರ್ ಇಸ್ ಇಟ್ ಕ್ಲೀನ್?’

ವರದಿ ಹೇಳುವಾಗ ಮಾತ್ರ ಅವಳ ದನಿ ನಡುಗುವುದಿಲ್ಲ. ‘ಅಂಚು ಸ್ಪಷ್ಟ ಐತಿ. ಎರಡು ಕಡೆ ಅರ್ಧಚಂದ್ರದಂಗ ಕತ್ತರಿಸೇತಿ. ಬುಡದಾಗ ಕೆಂಪಿಲ್ಲ.’

‘ದೆನ್ ಇಟ್ಸ್ ನಾಟ್ ರಾಟ್. ಸಂಬಡೀಸ್ ಬೈಟಿಂಗ್ ಹಿಮ್.’

‘ನಮ್ಮನಿಯಾಗ ಯಾರೂ ಕಚ್ಚಂಗಿಲ್ಲವ್ವಾ.’

ಆ ಕಡೆ ಒಂದು ಉಸಿರು. ನಗುವಲ್ಲ, ನಿಟ್ಟುಸಿರೂ ಅಲ್ಲ.

‘ಅಮ್ಮಾ, ಊಟಕ್ಕೆ ಏನು ಹಾಕ್ತಿದೀಯ?’

‘ಆ ಒಣಪಾಚಿ, ಸೀವೀಡು.’

‘ಆಂಡ್?’

‘ಶ್ರಾವಣ ಅಲ್ಲೇನು... ಅಜ್ಜಿ ಬಂದಾರ. ಫ್ರೀಜರಿನ್ಯಾಗ ಅದನ್ನ ಹೆಂಗ ಇಡ್ಲಿ? ಒಂದು ತಿಂಗಳು ಅಡ್ಜಸ್ಟ್ ಮಾಡ್ಕೋತಾವು ಅಂತ...’

‘ಯು ಪುಟ್ ಮೈ ಫಿಶ್ ಆನ್ ಶ್ರಾವಣ?’

ಹೌದು, ಓದುಗರೇ. ಜಯದೇವಿ ಬರುವ ಮುಂಚೆ ನೀಲಾಂಬಿಕಾ ಫ್ರೀಜರಿನ ತಳದಲ್ಲಿದ್ದ ಸಿಗಡಿಯ ಪೊಟ್ಟಣಗಳನ್ನೆಲ್ಲ ತೆಗೆದು ಕಸಕ್ಕೆ ಹಾಕಿದ್ದಳು. ಅಲ್ಲಿ ಈಗ ಹೋಳಿಗೆ ಇದೆ. ಹೊಟ್ಟೆ ತುಂಬದ ಮಿರ್ಚಿ ತನಗಿಂತ ಚಿಕ್ಕವನ ಬಾಲ ಕೀಳುತ್ತಿದ್ದಳು. ಪರದೆಯಲ್ಲಿ ಅಪರಿಚಿತರ ಎದೆಯೊಳಗಿನ ಸಾಸಿವೆಯಷ್ಟು ಕಲೆ ಹಿಡಿಯುವವಳಿಗೆ ಎಡಗಡೆಯ ಚೌಕದ ಹಸಿವು ಕಾಣಲಿಲ್ಲ. ಅವಳು ರೋಗ ಹುಡುಕುತ್ತಿದ್ದಳು.

‘ಔಷಧಿನೂ ಹಾಕೇನಿ,’ ಎಂದಳು, ಇನ್ನು ಮುಚ್ಚಿಡುವುದೇನಿದೆ ಎಂಬಂತೆ. ‘ದೊಡ್ಡ ಟ್ಯಾಂಕಿಗೇ.’

‘ಅಮ್ಮಾ, ನೋ! ಅದು ನೀರಿನ ಅಮೋನಿಯಾ ತಿನ್ನೋ ಒಳ್ಳೆ ಬ್ಯಾಕ್ಟೀರಿಯಾನೂ ಕೊಲ್ಲುತ್ತೆ. ಅಮೋನಿಯಾ ಟೆಸ್ಟ್ ಮಾಡು. ರೈಟ್ ನೌ.’

ಪುಟ್ಟ ಗಾಜಿನ ನಳಿಕೆಯಲ್ಲಿ ಟ್ಯಾಂಕಿನ ನೀರು ತುಂಬಿ, ಟೆಸ್ಟಿನ ಹನಿ ಬಿಟ್ಟು ಅಲ್ಲಾಡಿಸಿದಳು. ಹಳದಿ ಇದ್ದರೆ ಬದುಕು. ಅದು ನಿಧಾನಕ್ಕೆ ಹಸಿರಾಯಿತು.

ಮುಂದಿನವು ಮಗಳ ಆಜ್ಞೆಗಳು. ಉಪ್ಪು ಬೆರೆಸಿದ ಹೊಸ ನೀರು ಎಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟಿಗೆ ಬರಲಿ, ದೊಡ್ಡ ಟ್ಯಾಂಕಿನ ನೀರು ಬದಲಿಸು. ಕ್ಲಾಸೆಟ್ಟಿನಲ್ಲಿರುವ ಚಿಕ್ಕ ಟ್ಯಾಂಕ್ ತೆಗೆದು ಗಿರ್ಮಿಟ್‌ನನ್ನು ಬೇರೆ ಮಾಡು. ಅಡಗಿಕೊಳ್ಳಲು ಒಂದು ಪ್ಲಾಸ್ಟಿಕ್ ಪೈಪಿನ ತುಂಡು ಹಾಕು. ಸಿಗಡಿ ತಾ. ಪೈಪಿನ ಬಾಯಿ ಹತ್ತಿರ ಬಿಡು.

‘ಆಂಡ್ ಅಮ್ಮಾ, ವಾಕ್ ಅವೇ. ನೋಡ್ತಾ ನಿಂತ್ರೆ ಅವನು ತಿನ್ನಲ್ಲ.’

‘ತಿಂದ್ನೋ ಇಲ್ಲೋ ಹೆಂಗ ಗೊತ್ತಾಗಬೇಕ?’

‘ಗೊತ್ತಾಗಲ್ಲ. ಐ ಆ್ಯಮ್ ಕಮಿಂಗ್.’

6

ಅಂಗಡಿಯಿಂದ ತಂದ ಸಿಗಡಿಯ ಪೊಟ್ಟಣವನ್ನು ಕಪ್ಪು ಚೀಲದಲ್ಲಿ ಸುತ್ತಿ, ಗರಾಜಿನ ಬಾಗಿಲಿನಿಂದ ಸದ್ದಿಲ್ಲದೆ ಒಳಗೆ ಬಂದಳು. ಜಯದೇವಿ ಅಲ್ಲೇ ನಿಂತಿದ್ದರು, ಕೈಯಲ್ಲಿ ವಿಭೂತಿ ಗಟ್ಟಿ. (ಅಗತ್ಯ ಬಿದ್ದಿತು, ಕರೆದೆ.)

‘ಏನೈತೇ ಅದ್ರಾಗ? ಕದ್ದ ಮಾಲು ತಂದಂಗ ತರಾಕತ್ತೀ.’

‘ಮೀನಿನ ಊಟರೀ ಅತ್ತಿ.’

‘ಎಂಥಾ ಊಟ?’

ನೀಲಾಂಬಿಕಾ ಕಣ್ಣು ಮುಚ್ಚಿ ಹೇಳಿದಳು. ‘ಸಿಗಡಿ ಐತ್ರಿ. ಶ್ರಾವಣ ಅಂತ ನಿಲ್ಲಿಸಿದ್ದೆ. ಹಸದು ಒಂದನ್ನೊಂದು ಕಚ್ಚಾಕತ್ತಾವು.’

‘ಶ್ರಾವಣ ಹಿಡದಾಕಿ ನಾನು. ಮೀನಿಗೆ ಯಾರ ಹಿಡಿಸ್ಯಾರ? ನಾ ಹೇಳಿದ್ನೇನು?’

‘ಇಲ್ರಿ. ನೀವು ಏನಂತೀರೋ ಅಂತ ಅಂಜಿದೆ.’

‘ಅಂಜಾಕಿ ನೀ, ಉಪಾಸ ಅದಕ್ಕ! ಚಲೋ ನ್ಯಾಯ ಆತಲ್ಲ.’ ಮುದುಕಿ ಬದಿಗೆ ಸರಿದು ದಾರಿ ಬಿಟ್ಟರು. ‘ಹೋಗು, ಹಾಕ್ ಹೋಗು. ನನ್ನ ಹೋಳಿಗಿ ಬಾಜೂಕ ಮಾತ್ರ ಇಡಬ್ಯಾಡ ನೋಡು.’

ಇಷ್ಟಕ್ಕೇ ಇದೆಲ್ಲ ಆಯಿತೇ ಎಂದು ನೀವು ಕೇಳಬಹುದು. ಹೌದು. ಯಾರೂ ಹೇಳದ ಮಾತಿಗೆ ಹೆದರಿ ಮಾಡಿದ ಕೆಲಸಕ್ಕೆ ಯಾವತ್ತೂ ಇಷ್ಟೇ ಸಣ್ಣ ಕಾರಣ ಇರುತ್ತದೆ. ಹರಿದ ಬಾಲ ಮಾತ್ರ ಹರಿದೇ ಇರುತ್ತದೆ.

7, ಅಥವಾ ಮುಗಿಯಬಹುದಾದ ಕೆಲವು ಬಗೆ

ಅಕ್ಷರಾ ಈಗ ಐ-94 ಹೆದ್ದಾರಿಯಲ್ಲಿದ್ದಾಳೆ. ಇನ್ನೂರೆಪ್ಪತ್ತು ಮೈಲಿ. ನನಗೆ ಬೇಕಾದಷ್ಟು ಹೊತ್ತಿದೆ.

ಮೊದಲ ಮುಕ್ತಾಯ: ಅವಳು ಬರುವಷ್ಟರಲ್ಲಿ ಗಿರ್ಮಿಟ್ ಹೊಟ್ಟೆ ಮೇಲಾಗಿ ತೇಲುತ್ತಿರುತ್ತಾನೆ. ಬರೆದೆ. ಚೆನ್ನಾಗಿಯೂ ಬಂತು, ಅದಕ್ಕೇ ಭಯವಾಯಿತು. ಅಳಿಸಿದೆ.

ಇನ್ನೊಂದು: ಗಿರ್ಮಿಟ್ ತಿನ್ನುತ್ತಾನೆ, ಅಮ್ಮ ಮಗಳು ತಬ್ಬಿಕೊಳ್ಳುತ್ತಾರೆ. ಈ ಮನೆಯಲ್ಲಿ ಯಾರೂ ಯಾರನ್ನೂ ತಬ್ಬಿಕೊಂಡದ್ದಿಲ್ಲ. ‘ಊಟ ಆತೇನು’ ಎನ್ನುತ್ತಾರೆ, ಅದೇ ತಬ್ಬುಗೆ.

ಆಮೇಲೆ, ಹೇಳಲು ನಾಚಿಕೆಯಾಗುತ್ತದೆ, ಜಾಕ್ಸನ್ ದಾಟಿದ ಮೇಲೆ ಅವಳ ಕಾರಿನ ಪಕ್ಕ ಒಂದು ಟ್ರಕ್ ಬರೆದೆ. ಸುಮ್ಮನೆ ಒಂದು ಟ್ರಕ್, ಸ್ವಲ್ಪ ಎಡಕ್ಕೆ ವಾಲಿದ್ದು.

‘ಆ ಟ್ರಕ್ ತೆಗೀರಿ.’

ನೀಲಾಂಬಿಕಾ ಬೇಸ್‌ಮೆಂಟಿನಲ್ಲಿ, ಒದ್ದೆ ತೋಳಿನಲ್ಲಿ ನಿಂತಿದ್ದಳು.

‘ಸುಮ್ಮನೆ ಬರೆದೆ...’

‘ತೆಗೀರಿ ಅಂದೆ.’

ತೆಗೆದೆ. ಈಗ ಅಕ್ಷರಾಳ ಪಕ್ಕದ ಲೇನು ಖಾಲಿ ಇದೆ. ಬೇಕಿದ್ದರೆ ನೀವೇ ನೋಡಿ.

‘ನಿಮಗ ಕಾಣಸ್ತಾಳಲ್ಲ,’ ನೀಲಾಂಬಿಕಾ ಹತ್ತಿರ ಬಂದಳು. ‘ನನ್ನ ಫೋನಿನ್ಯಾಗ ಚುಕ್ಕಿ ಇಲ್ಲ. ನಿಮಗ ಕಾಣಸ್ತಾಳ. ಎಲ್ಲದಾಳ ಈಗ?’

‘ಕಲಮಝೂ ದಾಟಿದಳು.’

‘ಸ್ಪೀಡು?’

‘ಎಪ್ಪತ್ತು ಚಿಲ್ಲರೆ.’

‘ಈಗ?’

‘ಬೆಂಟನ್ ಹಾರ್ಬರ್ ಎಕ್ಸಿಟ್. ಕಾಫಿಗೆ ನಿಲ್ಲಿಸಿದ್ದಾಳೆ.’

‘ಒಬ್ಬಾಕಿನs ಅದಾಳೇನು? ಬಾಗಿಲಾ ಲಾಕ್ ಮಾಡ್ಯಾಳೇನು? ಮತ್ತ ಯಾಕ ಇಷ್ಟೊತ್ತು...’

ನಾನು ಇನ್ನಷ್ಟು ಬಾಗಿ ನೋಡಿದೆ. ಹುಡುಗಿ ಕಾರಿಗೆ ಒರಗಿ, ಕಾಫಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಬಾಯಿ ಏನೋ ಹೇಳಿಕೊಳ್ಳುತ್ತಿತ್ತು, ಮನೆಗೆ ಹೋಗಿ ಏನು ಹೇಳಬೇಕೆಂದು ಅಭ್ಯಾಸ ಮಾಡುವಂತೆ. ಒಂದು ಹೆಜ್ಜೆ ಹತ್ತಿರ ಹೋಗಿದ್ದರೆ ಮಾತು ಕೇಳುತ್ತಿತ್ತು. ಅಷ್ಟರಲ್ಲಿ ಅವಳು ಕತ್ತೆತ್ತಿ ಸುತ್ತ ನೋಡಿದಳು, ಯಾರೋ ನೋಡುತ್ತಿದ್ದಾರೆ ಅನ್ನಿಸಿದವರು ನೋಡುವ ಹಾಗೆ.

‘ಏನ್ ಮಾಡಾಕತ್ತಾಳ? ಹೇಳ್ರಿ!’

‘ಹೇಳುತ್ತೇನೆ, ಅವಳು...’

‘ಬ್ಯಾಡ.’

ನೀಲಾಂಬಿಕಾ ಒದ್ದೆ ಕೈಯಿಂದಲೇ ಬಾಯಿ ಮುಚ್ಚಿಕೊಂಡಿದ್ದಳು. ‘ಬ್ಯಾಡ, ಹೇಳಬ್ಯಾಡ್ರಿ. ಆ ಚುಕ್ಕಿ ಆಕಿನs ಆರಿಸ್ಯಾಳ.’ ಕೈ ಇಳಿಸಿ ಹೇಳಿದಳು, ‘ನೀವೂ ನೋಡೂದು ಬಿಡ್ರಿ.’

‘ನೋಡದೆ ಕಥೆ ಹೇಗೆ ಮುಗಿಸಲಿ?’

‘ಅದು ನಿಮ್ಮ ತೊಂದ್ರಿ.’

8

ಇಂಡಿಯಾನಾ ಗಡಿ ದಾಟುವಾಗ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಕ್ಷರಾ ಅದನ್ನು ದಾಟಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ. ನೋಡುವುದನ್ನು ಬಿಟ್ಟಿದ್ದೇನೆ.

ಬೇಸ್‌ಮೆಂಟಿನಲ್ಲಿ ನೀಲಾಂಬಿಕಾ ಸಿಗಡಿಯ ಚೂರನ್ನು ಕರಗಿಸಿ, ಉದ್ದ ಪಿಪೆಟ್ಟಿನಲ್ಲಿ ಎಳೆದುಕೊಂಡಳು. ಚಿಕ್ಕ ಟ್ಯಾಂಕಿನ ತಳದಲ್ಲಿ ಬಿಳಿ ಪೈಪಿನ ತುಂಡು. ಅದರೊಳಗಿನ ಕತ್ತಲಲ್ಲಿ ಒಂದು ಗುಂಡು ಕಣ್ಣು. ಪೈಪಿನ ಬಾಯಿಗೆ ತಂದು ಒತ್ತಿದಳು. ಗುಲಾಬಿ ಚೂರುಗಳು ತೇಲುತ್ತ ಇಳಿದವು. ಕಣ್ಣು ಅಲುಗಲಿಲ್ಲ. ಕಿವಿರು ಬಡಿದುಕೊಳ್ಳುತ್ತಿತ್ತೋ ಇಲ್ಲವೋ, ಬಗ್ಗಿದರೆ ಕಾಣುತ್ತಿತ್ತು.

ಅವಳು ಬಗ್ಗಲಿಲ್ಲ. ಟ್ಯಾಂಕಿನ ದೀಪ ಆರಿಸಿದಳು. ಸ್ಕ್ಯಾನಿನ ಪರದೆಯನ್ನೂ ಆರಿಸಿದಳು. ಗೋಡೆ ಹಿಡಿದು ಮೆಟ್ಟಿಲ ಕಡೆ ನಡೆದಳು, ಒಂದೊಂದು ಹೆಜ್ಜೆಯನ್ನೂ ಯಾರೋ ಹಿಂದಕ್ಕೆ ಜಗ್ಗುತ್ತಿರುವಂತೆ. ಮೇಲಿನಿಂದ ಜಯದೇವಿಯ ದನಿ: ‘ಹುಡುಗಿ ಬರೂ ಹೊತ್ತಿಗೆ ಅನ್ನಕ್ಕ ಇಡ್ಲೋ ಬ್ಯಾಡೋ?’

‘ಇಡ್ರಿ,’ ಎಂದಳು ನೀಲಾಂಬಿಕಾ.

ನೀವೂ ಏಳಿ. ನಿಮಗೆ ಒಂದೇ ಒಂದು ಸಲ ತಿರುಗಿ ನೋಡಬೇಕು, ಗೊತ್ತು. ನನಗೂ. ಆದರೆ ಈ ಕತ್ತಲಲ್ಲಿ ನಾವು ನಿಂತಿರುವವರೆಗೆ ಅವನು ಹೊರಗೆ ಬರುವುದಿಲ್ಲ. ಬನ್ನಿ, ಮೆಟ್ಟಿಲು ಹತ್ತೋಣ. ಸದ್ದು ಮಾಡಬೇಡಿ.