ಬಳ್ಳಾರಿಯಲ್ಲೊಂದು ಹೀಟರ್

ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಕಾರಿಗೆ ಹೀಟರ್ ಜೋಡಿಸಿಕೊಡು ಎಂದು ಕೇಳುವವರು ಯಾರಿದ್ದಾರೆ? ಸಿರುಗುಪ್ಪ ರಸ್ತೆಯ ಗ್ಯಾರೇಜಿನಲ್ಲಿ ಸುಹಾನಾ ಎಷ್ಟೋ ಗಾಡಿಗಳ ಎ.ಸಿ. ಸರಿಮಾಡಿದ್ದಳು. ಬಿಸಿಗಾಳಿ ಬೇಕೆಂದವರು ವಿರೂಪಮ್ಮ ಒಬ್ಬರೇ.

ಸಿರುಗುಪ್ಪದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದ ವಿರೂಪಮ್ಮನ ಬಳಿ ಹಳೆಯದೊಂದು ಬೀಟಲ್ ಕಾರಿತ್ತು. ಅದಕ್ಕೆ ರೇಡಿಯೇಟರ್ ಇಲ್ಲ, ನೀರೂ ಬೇಡ. ಹಿಂಬದಿಯ ಇಂಜಿನ್ನನ್ನು ಫ್ಯಾನಿನ ಗಾಳಿಯೇ ತಂಪಾಗಿಡುತ್ತದೆ. ಆ ಗಾಳಿಯಲ್ಲೇ ಒಂದಿಷ್ಟನ್ನು ಹೊಗೆ ಹೋಗುವ ಕಾದ ಪೈಪುಗಳ ಮೇಲೆ ಹಾಯಿಸಿ ಒಳಕ್ಕೆ ತಂದರೆ ಅದೇ ಹೀಟರ್. ಹಿಂದಿನ ಮಾಲೀಕರು ಈ ಊರಿಗೆ ಇದ್ಯಾಕೆ ಎಂದು ಅದನ್ನೆಲ್ಲ ಬಿಚ್ಚಿ ಗೋಣಿಚೀಲಕ್ಕೆ ತುಂಬಿದ್ದರು. ವಿರೂಪಮ್ಮ ಆ ಚೀಲವನ್ನು ಗ್ಯಾರೇಜಿನ ನೆಲಕ್ಕೆ ಸುರಿದರು.

“ಮಂಜು ಬೀಳೋದು ನೋಡಾಕ ಮನಾಲಿಗೆ ಹೊಂಟೀನಿ, ಚಳಿಗಾಲದಾಗ. ನಾನೇ ಓಡಿಸ್ತೀನಿ.”

“ರೈಲಿಗೆ ಹೋಗ್ರಿ ಟೀಚರ್.”

“ರೈಲಿಗೆ ಹೋಗೋದಿದ್ರ ನಿನ್ನ ಹತ್ರ ಯಾಕ ಬರ್ತಿದ್ದೆ? ಆಗತೈತೋ ಇಲ್ಲೋ, ಅಷ್ಟು ಹೇಳು.”

ಆಗೋದಿಲ್ಲ ಅನ್ನಲು ಸುಹಾನಾಳಿಗೆ ನಾಲಗೆ ಏಳಲಿಲ್ಲ. ಅವಳು ತುಕ್ಕು ಉಜ್ಜಿ ಒಂದೊಂದೇ ಸಾಮಾನನ್ನು ಸಾಲಾಗಿ ಇಟ್ಟಳು. ಇಂಜಿನ್ನಿನ ಎರಡು ಮಗ್ಗುಲಿಗೂ ಒಂದೊಂದು ಹೀಟರ್ ಬಾಕ್ಸ್. ತಗಡಿನ ಡಬ್ಬಿ, ಅದರೊಳಗೆ ಹೊಗೆಯ ಪೈಪು. ಲೋಬಾನದ ಹೊಗೆಯನ್ನು ಪೈಪಿಗೆ ಊದಿ ನೋಡಿದಳು. ಬಲಗಡೆಯದು ಗಟ್ಟಿಯಾಗಿತ್ತು. ಎಡಗಡೆಯದರಲ್ಲಿ ಪೈಪು ತೂತಾಗಿ ಡಬ್ಬಿಯ ಬಾಯಿಂದಲೂ ಹೊಗೆ ಬಂತು.

“ವೆಲ್ಡಿಂಗ್ ಹೊಡಿ, ಮುಗೀತು” ಎಂದರು ವಿರೂಪಮ್ಮ.

“ಪೈಪು ಪೂರಾ ತುಕ್ಕು ತಿಂದೈತ್ರಿ. ಇವತ್ತು ಇಲ್ಲಿ ಮುಚ್ಚಿದ್ರ ನಾಳಿ ಅಲ್ಲಿ ಬಾಯಿ ಬಿಡತೈತಿ. ಇಂಜಿನ್ ಗ್ಯಾಸು ಒಳಗ ಬಂದ್ರ ನಿದ್ದಿ ಬಂದಂಗ ಆಗತೈತಿ, ಆಮ್ಯಾಲೆ ಎಚ್ಚರಾನೇ ಆಗಂಗಿಲ್ಲ. ನಾನು ಜೋಡಿಸಂಗಿಲ್ಲ.”

ವಿರೂಪಮ್ಮ ಸಿಟ್ಟಿನಿಂದ ಹೊರಟುಹೋದರು. ಮರುದಿನ ಅವರೇ ಬಂದು, “ಹಂಗಾರ ಇನ್ನೊಂದು ಹುಡುಕೋಣು” ಎಂದರು.

ಗುಜರಿಯವರನ್ನೆಲ್ಲ ವಿಚಾರಿಸಿದ ಮೇಲೆ ಕುರುಗೋಡಿನಲ್ಲೊಂದು ಬೀಟಲ್ ಇರುವುದು ತಿಳಿಯಿತು. ಇಬ್ಬರೂ ಹೋದರು. ಗುರುಬಸಮ್ಮ ಎಂಬಾಕೆಯ ಹಿತ್ತಲಿನಲ್ಲಿ ಚಕ್ರಗಳಿಲ್ಲದೆ ಕಲ್ಲುಗಳ ಮೇಲೆ ಕೂತಿದ್ದ ಆ ಕಾರು ಈಗ ಕೋಳಿಗೂಡು. ಹಿಂದಿನ ಸೀಟಿನ ಹುಲ್ಲಿನಲ್ಲಿ ಹೇಂಟೆಯೊಂದು ಕಾವಿಗೆ ಕೂತಿತ್ತು.

“ಮರಿ ಆಗೋತನ ಯಾರೂ ಮುಟ್ಟಾಂಗಿಲ್ಲ” ಎಂದಳು ಗುರುಬಸಮ್ಮ.

“ನಾನು ಕೆಳಗಿರ್ತೀನಿ ಯಮ್ಮಾ. ನಿಮ್ಮ ಕೋಳಿ ತಂಟೆಗೆ ಹೋಗಂಗಿಲ್ಲ.”

“ಹೇಂಟಿ ಎದ್ರ ನೀನೂ ಎದ್ದು ಹೋಗಬೇಕು, ನೋಡು.”

ಒಪ್ಪಿಕೊಂಡು ಸುಹಾನಾ ಗೋಣಿತಟ್ಟು ಹಾಸಿ ಕೆಳಗೆ ನುಸುಳಿದಳು. ನಟ್ಟುಗಳು ತುಕ್ಕಿಗೆ ಕಚ್ಚಿ ಹೋಗಿದ್ದವು. ಡೀಸೆಲ್ ಬಿಟ್ಟು ಕಾದು ಪಾನಾ ಹಾಕಿದರೆ ಮೂಲೆಗಳು ಸವೆದವೇ ಹೊರತು ನಟ್ಟು ಅಲುಗಲಿಲ್ಲ. ಸುತ್ತಿಗೆ ಹೊಡೆದರೆ ಕೋಳಿ ಏಳುತ್ತದೆ. ಗ್ಯಾಸಿನ ಉರಿ ಹಿಡಿದರೆ ಹುಲ್ಲು ಹತ್ತಿಕೊಳ್ಳುತ್ತದೆ. ಅವಳು ಹ್ಯಾಕ್ಸಾ ಬ್ಲೇಡಿನ ತುದಿಗೆ ಬಟ್ಟೆ ಸುತ್ತಿ ಮಲಗಿದಲ್ಲೇ ನಟ್ಟು ಕೊಯ್ಯತೊಡಗಿದಳು. ಕಬ್ಬಿಣದ ಪುಡಿ ಮುಖಕ್ಕೆ ಉದುರಿತು, ಹೆಗಲು ಸೆಳೆಯಿತು. ಬ್ಲೇಡು ಮುರಿದಾಗ ಇನ್ನೊಂದು ತೆಗೆದಳು. ಬ್ಯಾಟರಿ ದೀಪ ಹಿಡಿದು ಕೂತಿದ್ದ ವಿರೂಪಮ್ಮ ನೋಡಲಾರದೆ ಸೀರೆ ಸೆರಗು ಸೊಂಟಕ್ಕೆ ಬಿಗಿದು, “ಈಕಡಿ ಸರಿ, ನಾನು ಸ್ವಲ್ಪ ಕೊಯ್ತೀನಿ” ಎಂದು ತಾವೂ ನುಸುಳಿದರು.

ಬಾಕ್ಸ್ ಕೈಗೆ ಬಂದಾಗ ಹೊತ್ತು ಇಳಿದಿತ್ತು. ಹೇಂಟೆ ಕದಲಿರಲಿಲ್ಲ. ಗುರುಬಸಮ್ಮ ಇಬ್ಬರಿಗೂ ಮಜ್ಜಿಗೆ ಕೊಟ್ಟು, “ಬೆಕ್ಕಿನ ಕಾಟ ಬಾಳ. ಈ ಬಾಗಿಲ ಚಿಲಕ ಸರಿಮಾಡಿ ಹೋಗು” ಎಂದಳು. ಸುಹಾನಾ ಅದನ್ನೂ ಮಾಡಿಕೊಟ್ಟಳು.

ಲೋಬಾನದ ಪರೀಕ್ಷೆಯಲ್ಲಿ ಈ ಪೈಪು ಗೆದ್ದಿತು. ಎರಡೂ ಬಾಕ್ಸ್‌ಗಳನ್ನು ಹೊಸ ಪ್ಯಾಕಿಂಗ್ ಇಟ್ಟು ಬಿಗಿದಳು, ಫ್ಯಾನಿನಿಂದ ಬರುವ ಗಾಳಿಯ ಕೊಳವೆ ಸಿಕ್ಕಿಸಿದಳು, ಬಿಸಿಗಾಳಿಯ ಮುಚ್ಚಳ ತೆರೆಯುವ ಕೇಬಲ್ಲನ್ನು ಹ್ಯಾಂಡ್‌ಬ್ರೇಕಿನ ಪಕ್ಕದ ಹಿಡಿಕೆಗೆ ಎಳೆದು ಕಟ್ಟಿದಳು. ಇಂಜಿನ್ ಚಾಲೂ ಮಾಡಿ ಹಿಡಿಕೆ ಎತ್ತಿದರೆ ಬಲಗಡೆ ಬಿಸಿ ಬಂತು. ಎಡಗಡೆ ಉಸಿರೇ ಇಲ್ಲ.

“ಇಷ್ಟು ಮಾಡಿ ಇದೇನ ಆತು” ಎಂದು ವಿರೂಪಮ್ಮ ಸ್ಟೂಲಿನ ಮೇಲೆ ಕುಸಿದರು.

ಸುಹಾನಾ ಕಟ್ಟಿದ್ದನ್ನೆಲ್ಲ ಮತ್ತೆ ಬಿಚ್ಚಿದಳು. ಬಾಕ್ಸ್‌ನಲ್ಲಿ ತಪ್ಪಿರಲಿಲ್ಲ, ಕೇಬಲ್ ಸರಿಯಿತ್ತು. ಬಿಸಿಗಾಳಿ ಹಾದುಬರುವ, ಬಾಗಿಲ ಕೆಳಗಿನ ಪೊಳ್ಳು ದಾರಿಗೆ ತಂತಿ ತೂರಿಸಿ ಎಳೆದಾಗ ಭತ್ತದ ಹೊಟ್ಟು, ಚಿಂದಿ, ಹಳೆಯ ಇಲಿಗೂಡೊಂದು ಮುದ್ದೆಯಾಗಿ ಹೊರಬಂತು. ದಾರಿಯನ್ನು ಊದಿ ತೊಳೆದು, ಒಣಗಿಸಿ, ಮೊದಲಿನಿಂದ ಮತ್ತೆ ಜೋಡಿಸಿದಳು.

ಮೇ ತಿಂಗಳ ಮಟಮಟ ಮಧ್ಯಾಹ್ನ ಇಬ್ಬರೂ ಗಾಜು ಏರಿಸಿಕೊಂಡು ಮೋಕಾ ರಸ್ತೆಯಲ್ಲಿ ಹೋದರು. ಎರಡೂ ಕಡೆಯಿಂದ ಒಲೆಯ ಬಾಯಿ ತೆರೆದಂತೆ ಬಿಸಿ ನುಗ್ಗಿತು. ವಿರೂಪಮ್ಮನ ಕುಂಕುಮ ಕರಗಿ ಮೂಗಿಗೆ ಇಳಿಯಿತು.

“ಸಾಕೇನ್ರಿ?” ಎಂದಳು ಸುಹಾನಾ, ದುಪಟ್ಟಾದಲ್ಲಿ ಕತ್ತು ಒರೆಸಿಕೊಳ್ಳುತ್ತ.

“ಇನ್ನೊಂದೀಟು ದೂರ ಹೋಗೋಣು ತಡಿ” ಎಂದು ಅವರು ನಗುತ್ತ ಗೇರು ಬದಲಿಸಿದರು.

ಡಿಸೆಂಬರಿನಲ್ಲಿ ಮನಾಲಿಯಿಂದ ಫೋನು ಬಂದಾಗ ಸುಹಾನಾ ಟ್ರ್ಯಾಕ್ಟರೊಂದರ ಕೆಳಗಿದ್ದಳು.

“ಸುಹಾನಾ, ಬೀಳಾಕತ್ತೈತಿ ನೋಡು! ಹತ್ತಿ ಹಿಂಜಿ ತೂರಿದಂಗ. ನಾನು ಒಳಗ ಸ್ವೆಟರ್ ತೆಗದು ಕೂತೀನಿ.”

“ಎಡಗಡಿ ಬರಾಕತ್ತೈತೇನ್ರಿ ಬಿಸಿ?”

“ಎಡಗಾಲು ಸುಡಾಕತ್ತೈತವ್ವಾ!”

ಸುಹಾನಾ ಮಲಗಿದಲ್ಲೇ ನಕ್ಕಳು. “ಹಂಗಾರ ಹಿಡಿಕಿ ಒಂಚೂರು ಇಳಸ್ರಿ ಟೀಚರ್. ಕಿಟಕಿನೂ ಒಂದು ಬೆರಳು ತೆಗದಿರ್ರಿ.”